ಮ್ಯಾಚ್ ಸೊನ್ನೆ ಅಂದ್ರೆ ಏನು? ಡೇಟಿಂಗ್ ಆ್ಯಪ್‌ನ ಒಂದು ಲೆಕ್ಕ

ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ನಮ್ಮ ಹುಡುಗರ ಮಾತು ಎಲ್ಲಿಂದ ಶುರುವಾದ್ರೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತೆ: "ಎಷ್ಟು ಮ್ಯಾಚ್ ಆಯ್ತೋ?" ಸೊನ್ನೆ ಅಂದವನನ್ನ ನೋಡಿ ಎಲ್ಲರೂ ನಗ್ತೀವಿ. ಅವನೂ ನಗ್ತಾನೆ. ಆಮೇಲೆ ಕನ್ನಡಿ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ತಾನೆ. ಆ ಸೊನ್ನೆ ನಿಜವಾಗಿ ಏನನ್ನ ಅಳೆಯುತ್ತೆ ಅಂತ ಈ ಸಲ ನೋಡೋಣ.

ಮೊದಲು ಗಣಿತ. ಎರಡು ಗುಂಪಿನವರನ್ನ ಜೋಡಿ ಮಾಡೋಕೆ 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಒಂದು ಅಲ್ಗಾರಿದಮ್ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಇಷ್ಟದ ಪಟ್ಟಿ ಬರೀತಾರೆ. ಒಂದು ಗುಂಪಿನವರು ಪಟ್ಟಿಯ ಮೇಲಿನಿಂದ ಒಬ್ಬೊಬ್ಬರನ್ನೇ ಕೇಳ್ತಾ ಹೋಗ್ತಾರೆ. ಇನ್ನೊಂದು ಗುಂಪಿನವರು ಬಂದವರಲ್ಲಿ ಹೆಚ್ಚು ಇಷ್ಟವಾದ ಒಬ್ಬರನ್ನ ಉಳಿಸಿಕೊಂಡು ಬೇರೆಯವರಿಗೆ ಇಲ್ಲ ಅಂತಾರೆ. 2012ರಲ್ಲಿ ಶಾಪ್ಲಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. 2018ರಲ್ಲಿ ಹಿಂಜ್ ಆ್ಯಪ್ ಇದೇ ವಿಧಾನವನ್ನ ಆಧರಿಸಿದ ಸೌಲಭ್ಯ ತಂದಿತು.

ಈ ಅಲ್ಗಾರಿದಮ್ ಒಂದು ಹಂತದಲ್ಲಿ ಮುಗಿಯುತ್ತೆ. ಆ್ಯಪ್‌ನ ವ್ಯಾಪಾರ ಮುಗಿಯಬಾರದು. ಒಂದು ಜೋಡಿ ಸರಿಹೋದ್ರೆ ಇಬ್ಬರು ಗ್ರಾಹಕರು ಹೊರಟುಹೋಗ್ತಾರೆ. ಹುಡುಕಾಟ ನಡೀತಾ ಇದ್ರೆ ಚಂದಾ ಬರ್ತಾ ಇರುತ್ತೆ. 2015ರಲ್ಲಿ ಟಿಂಡರ್ ದುಡ್ಡು ಕೊಡುವ 'ಪ್ಲಸ್' ಶುರು ಮಾಡಿದಾಗ ಅಮೆರಿಕದಲ್ಲಿ 30 ವರ್ಷ ಮತ್ತು ಮೇಲ್ಪಟ್ಟವರಿಗೆ ಹೆಚ್ಚು ದರ ಇಟ್ಟಿತ್ತು. 2018ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟ್ ಇದು ತಾರತಮ್ಯ ಅಂದಿತು. ಅದೇ ಸಾಫ್ಟ್‌ವೇರ್, ಬೆಲೆ ಮಾತ್ರ ಬೇರೆ. ಯಾರಿಗೆ ಅವಸರ ಜಾಸ್ತಿಯೋ ಅವರ ಹತ್ರ ಜಾಸ್ತಿ ತಗೊಂಡ ಹಾಗೆ ನಮಗೆ ಕಾಣುತ್ತೆ.

ಈಗ 'ಬೂಸ್ಟ್' ನೋಡೋಣ. ಟಿಂಡರ್‌ನಲ್ಲಿ ದುಡ್ಡು ಕೊಟ್ರೆ ಅರ್ಧ ಗಂಟೆ ನಮ್ಮ ಪ್ರೊಫೈಲ್ ಮುಂದೆ ಬರುತ್ತೆ. ಒಂದು ಆ್ಯಪ್‌ನಲ್ಲಿ 100 ಹುಡುಗರು, 25 ಹುಡುಗಿಯರು ಇದ್ದಾರೆ ಅಂತಿಟ್ಟುಕೊಳ್ಳಿ. ಒಬ್ಬರಿಗೆ ಒಬ್ಬರು ಅಂತ ಗೇಲ್-ಶಾಪ್ಲಿ ಓಡಿಸಿದ್ರೂ ಕಡೇಪಕ್ಷ 75 ಹುಡುಗರು ಉಳೀತಾರೆ. 100 ಜನರೂ ಬೂಸ್ಟ್ ಕೊಂಡ್ರೆ? ಆಗಲೂ 75. ಜಾತ್ರೆಯಲ್ಲಿ ತೇರು ನೋಡೋಕೆ ಎಲ್ಲರೂ ತುದಿಗಾಲಲ್ಲಿ ನಿಂತ ಹಾಗೆ: ಯಾರಿಗೂ ಹೆಚ್ಚು ಕಾಣಲ್ಲ, ಎಲ್ಲರಿಗೂ ಕಾಲುನೋವು.

ಹಾಗಂತ ಹುಡುಗಿಯರನ್ನ ದೂರೋದು ತಪ್ಪು ಲೆಕ್ಕ. ಒಬ್ಬಳಿಗೆ ನೂರು ಮೆಸೇಜ್ ಬಂದ್ರೆ ನೂರಕ್ಕೂ ಉತ್ತರ ಕೊಡೋಕೆ ಆಗಲ್ಲ. ಅದರಲ್ಲಿ ಅಸಹ್ಯದ್ದು ಯಾವುದು, ಒಳ್ಳೇದು ಯಾವುದು ಅಂತ ಆರಿಸೋ ಕೆಲಸವೂ ಅವಳದ್ದೇ.

ಆದರೂ ನಮಗೆ ಆ ಸೊನ್ನೆ ಗಂಡಸ್ತನದ ಇಂಟರ್ನಲ್ಸ್ ಮಾರ್ಕ್ಸ್ ತರಹ ಕಾಣುತ್ತೆ. ಚಿಕ್ಕಂದಿನಿಂದ ಕೇಳಿದ್ದು ಅದೇ: ಗಂಡು ಹುಡುಗ ಅಳಬಾರದು, ಸೋಲಬಾರದು. ಹಾಗಾಗಿ ಒಂಟಿ ಅನ್ನಿಸ್ತಿದೆ ಅಂತ ಪಕ್ಕದ ಬೆಡ್‌ನವನಿಗೆ ಹೇಳೋಕೆ ನಾಚಿಕೆ. ಫೋನಿಗೆ ದುಡ್ಡು ಕೊಡೋಕೆ ನಾಚಿಕೆ ಇಲ್ಲ. ವ್ಯಾಪಾರ ನಡೆಯೋದು ಈ ಸಂದಿಯಲ್ಲೇ.

ಆ್ಯಪ್ ಡಿಲೀಟ್ ಮಾಡಿ ಅಂತ ನಾವು ಹೇಳ್ತಿಲ್ಲ. ನಮ್ಮಲ್ಲೇ ಎಷ್ಟೋ ಜನರ ಫೋನಿನಲ್ಲಿದೆ. ಆ ಸೊನ್ನೆಯಿಂದ ಸಾಲು ಎಷ್ಟು ಉದ್ದ ಅಂತ ಗೊತ್ತಾಗುತ್ತೆ, ನಾವು ಎಂಥವರು ಅಂತ ಗೊತ್ತಾಗಲ್ಲ. ಇವತ್ತು ರಾತ್ರಿ ಯಾರಾದ್ರೂ ಸೊನ್ನೆ ಅಂದ್ರೆ ನಗದೆ, "ಟೀ ಕುಡಿಯೋಣ ಬಾರೋ" ಅಂತ ಕರೆಯೋಣ.