ನಿಮ್ಮ ಪ್ರಕೃತಿ ಯಾವುದು?

"ಬಸಳೆ ನನಗೆ ಆಗುವುದಿಲ್ಲ, ಶೀತ." "ಹಲಸಿನ ಹಣ್ಣು ತಿಂದರೆ ವಾಯು." "ಅವನದು ಉಷ್ಣದ ದೇಹ, ಮಾತುಮಾತಿಗೂ ಸಿಟ್ಟು." ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುವ ಇಂಥ ಮಾತುಗಳ ಹಿಂದೆ ಆಯುರ್ವೇದದ ಒಂದು ದೊಡ್ಡ ವಿಚಾರವಿದೆ. ಎಲ್ಲರ ದೇಹದಲ್ಲೂ ವಾತ, ಪಿತ್ತ, ಕಫ ಎಂಬ ಮೂರು ದೋಷಗಳಿವೆ. ಯಾರಲ್ಲಿ ಯಾವುದು ಹೆಚ್ಚು ಎಂಬುದು ತಾಯಿಯ ಗರ್ಭದಲ್ಲೇ ನಿರ್ಧಾರವಾಗುತ್ತದೆ ಎನ್ನುತ್ತದೆ ಚರಕಸಂಹಿತೆ. ಇದಕ್ಕೇ 'ಪ್ರಕೃತಿ' ಎಂದು ಹೆಸರು.

ಕೃಷಿಕರಾದ ನಮಗೆ ಇದು ಕಷ್ಟದ ಪಾಠವಲ್ಲ. ಬೆಟ್ಟು ಗದ್ದೆಗೂ ಬೈಲು ಗದ್ದೆಗೂ ಒಂದೇ ರೀತಿಯ ಬೇಸಾಯ ನಡೆಯುವುದಿಲ್ಲ ಎಂದು ನಮಗೆ ಗೊತ್ತು. ಒಂದು ಬೇಗ ಒಣಗುತ್ತದೆ, ಇನ್ನೊಂದರಲ್ಲಿ ನೀರು ನಿಲ್ಲುತ್ತದೆ. ಬೆಟ್ಟನ್ನು ಬೈಲು ಮಾಡಲು ಯಾರೂ ಹೊರಡುವುದಿಲ್ಲ, ಅದರ ಗುಣ ನೋಡಿ ಬಿತ್ತುತ್ತೇವೆ. ಕೇರಳದ ವೈದ್ಯ ಮನೆತನಗಳು ತಲೆಮಾರುಗಳಿಂದ ಕಲಿತುಬಂದ ವಾಗ್ಭಟನ 'ಅಷ್ಟಾಂಗಹೃದಯ' ಗ್ರಂಥವೂ ನೆಲವನ್ನು ಇದೇ ಲೆಕ್ಕದಲ್ಲಿ ವಿಂಗಡಿಸುತ್ತದೆ: ಒಣ ಸೀಮೆಯಲ್ಲಿ ವಾತ ಹೆಚ್ಚು, ನೀರು ತುಂಬಿದ ಸೀಮೆಯಲ್ಲಿ ಕಫ ಹೆಚ್ಚು.

ವಾತ ಪ್ರಕೃತಿಯವರದು ಸಾಮಾನ್ಯವಾಗಿ ತೆಳ್ಳಗಿನ ಮೈ, ಒಣ ಚರ್ಮ. ನಡಿಗೆ ಬೇಗ, ಮಾತು ಬೇಗ. ಬೇಗ ಕಲಿಯುತ್ತಾರೆ, ಬೇಗ ಮರೆಯುತ್ತಾರೆ. ನಿದ್ದೆ ಕಡಿಮೆ, ಚಳಿ ತಡೆಯುವುದಿಲ್ಲ, ಮಲಬದ್ಧತೆಯ ಕಾಟ ಬೇರೆ. ಕಫ ಪ್ರಕೃತಿಯವರು ಇದಕ್ಕೆ ವಿರುದ್ಧ. ಗಟ್ಟಿ ಶರೀರ, ನುಣುಪಾದ ಚರ್ಮ, ಗಾಢ ನಿದ್ದೆ, ತಾಳ್ಮೆ. ಪಾಠ ತಲೆಗೆ ಹತ್ತುವುದು ನಿಧಾನ, ಆದರೆ ಒಮ್ಮೆ ಹತ್ತಿದ್ದು ಇಳಿಯುವುದಿಲ್ಲ. ಇಂಥ ಮಗುವನ್ನು "ದಡ್ಡ, ಸೋಮಾರಿ" ಎಂದು ಬೈದು, ಚುರುಕಾದ ಅಣ್ಣನೊಡನೆ ಹೋಲಿಸುವ ತಂದೆತಾಯಿಗಳು ಈ ಮಾತನ್ನು ಇನ್ನೊಮ್ಮೆ ಓದಲಿ.

ಪಿತ್ತ ಪ್ರಕೃತಿಯವರನ್ನು ಗುರುತಿಸುವುದು ಸುಲಭ. ಹಸಿವು, ಬಾಯಾರಿಕೆ, ಬೆವರು ಎಲ್ಲವೂ ಹೆಚ್ಚು. ಕೂದಲು ಬೇಗ ನೆರೆಯುತ್ತದೆ ಅಥವಾ ಉದುರುತ್ತದೆ. ಬುದ್ಧಿ ಹರಿತ, ಸಿಟ್ಟೂ ಹರಿತ. ಬಿಸಿಲಲ್ಲಿ ದುಡಿದು ಬಂದಾಗ ಊಟ ಅರ್ಧ ಗಂಟೆ ತಡವಾದರೆ ಮನೆಯಲ್ಲಿ ರಂಪ! ಇವರು ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು. ಒಣಮೆಣಸು, ಹುಳಿ, ಉಪ್ಪಿನಕಾಯಿಯಲ್ಲಿ ಮಿತಿ ಬೇಕು. ಎಳನೀರು ಇವರಿಗೆ ಒಳ್ಳೆಯದು. ವಾತದವರಿಗೆ ಬಿಸಿ ಊಟ, ಎಣ್ಣೆ ಸ್ನಾನ, ಹೊತ್ತಿಗೆ ನಿದ್ದೆ. ಕಫದವರಿಗೆ ಹಗುರ ಊಟ, ಹುರುಳಿ ಸಾರು, ಮೈಮುರಿದು ಕೆಲಸ. ಹಗಲು ನಿದ್ದೆ ಬೇಡ. ಎರಡು ದೋಷಗಳು ಬೆರೆತವರೇ ಹೆಚ್ಚು, ಆದ್ದರಿಂದ ಪಟ್ಟಿ ಹಿಡಿದುಕೊಂಡು "ನಾನು ಇಂಥವನೇ" ಎಂದು ತೀರ್ಮಾನಿಸಲು ಅವಸರ ಪಡಬೇಡಿ.

ಋತುವನ್ನೂ ನೋಡಬೇಕು. ಮಳೆಗಾಲದಲ್ಲಿ ವಾತ ಕೆರಳುತ್ತದೆ. ಆಟಿ ತಿಂಗಳಲ್ಲಿ, ಮಲಯಾಳಿಗಳ ಕರ್ಕಾಟಕದಲ್ಲಿ, ಔಷಧ ಗಂಜಿಗೂ ಎಣ್ಣೆ ತಿಕ್ಕುವುದಕ್ಕೂ ಮಹತ್ವ ಬಂದದ್ದು ಇದರಿಂದಲೇ. ಮಳೆ ಬಿಟ್ಟು ಬಿಸಿಲು ಏರುವಾಗ, ಅಂದರೆ ಏಣೇಲು ಕೊಯ್ಲಿನ ಹೊತ್ತಿಗೆ ಪಿತ್ತ ಕೆರಳುತ್ತದೆ. ಕಫದ ಕಾಲ ವಸಂತ.

ಮನಸ್ಸಿಗೆ ಬೇರೆ ಲೆಕ್ಕವಿದೆ: ಸತ್ತ್ವ, ರಜಸ್ಸು, ತಮಸ್ಸು. ಇವುಗಳಲ್ಲಿ ರಜಸ್ಸು, ತಮಸ್ಸುಗಳನ್ನು ಮಾತ್ರ ಚರಕ ಮನಸ್ಸಿನ ದೋಷ ಎನ್ನುತ್ತಾನೆ. ಅವನು ಹೇಳುವ ಮನಸ್ಸಿನ ಬಗೆಗಳು 16. ಸತ್ತ್ವದಲ್ಲಿ 7, ರಜಸ್ಸಿನಲ್ಲಿ 6, ತಮಸ್ಸಿನಲ್ಲಿ 3. ತಮಸ್ಸಿನ ಮೂರಕ್ಕೆ ಪಶು, ಮೀನು, ಮರ ಎಂದು ಹೆಸರು. ಮರದಂಥವನು ಕೂತಲ್ಲೇ ಕೂತು ಉಣ್ಣುವುದರಲ್ಲೇ ಇರುತ್ತಾನಂತೆ. ತೆಂಗು ಅಡಿಕೆ ಬೆಳೆಸುವ ನಾವು ಮರಕ್ಕೆ ಇದು ಅನ್ಯಾಯವೆಂದು ವಾದಿಸಬಹುದು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಸಿಟ್ಟು ಪಿತ್ತದಿಂದ ಬಂದದ್ದಾದರೆ ಹೆಂಡತಿಯ ಮೇಲೆ ಕೈ ಎತ್ತಿದವನದು ತಪ್ಪಲ್ಲವೇ? ಇಂಥದೇ ವಿಷಯವನ್ನು 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಯೋಚಿಸಿದ್ದಾರೆ. ಆಯುರ್ವೇದ ಅವರು ಕಂಡದ್ದಲ್ಲ, ಆದರೆ ದೇಹದ ರಸಗಳಿಂದ ಸ್ವಭಾವ ಬರುತ್ತದೆ ಎಂಬ ಗ್ರೀಕ್ ವೈದ್ಯಶಾಸ್ತ್ರ ಅವರಿಗೆ ತಿಳಿದಿತ್ತು. ದೇಹದ ಗುಣದಿಂದ ಒಬ್ಬ ಸಿಟ್ಟಿನ ಕಡೆಗೆ, ಇನ್ನೊಬ್ಬ ಸೌಮ್ಯತೆಯ ಕಡೆಗೆ ವಾಲುತ್ತಾನೆ ಎಂದು ಅವರು ಒಪ್ಪುತ್ತಾರೆ. ಆದರೆ ವಾಲಿದವನು ಬೀಳಲೇಬೇಕೆಂದು ಒಪ್ಪುವುದಿಲ್ಲ. ಪಾಪನಿವೇದನೆಗೆ ಮುಂಚೆ ಆತ್ಮಶೋಧನೆ ಮಾಡುವಾಗ ಪ್ರಕೃತಿಯ ಅರಿವು ಉಪಯೋಗಕ್ಕೆ ಬರುವುದು ಹೀಗೆ: ನಾನು ಎಲ್ಲಿ ಜಾರುತ್ತೇನೆ, ಯಾವ ಹೊತ್ತಿನಲ್ಲಿ ಜಾರುತ್ತೇನೆ ಎಂದು ಮೊದಲೇ ಗೊತ್ತಾಗುತ್ತದೆ. ನೆಪ ಹೇಳಲು ಅದು ಬರುವುದಿಲ್ಲ. ಇದೇ ಸಂತರು ದುಃಖಕ್ಕೆ ಹೇಳಿದ ಪರಿಹಾರಗಳಲ್ಲಿ ಕಣ್ಣೀರು, ಗೆಳೆಯರ ಸಾಂತ್ವನಗಳ ಜೊತೆಗೆ ನಿದ್ದೆ ಮತ್ತು ಸ್ನಾನವೂ ಇವೆ! ಚಿಂತೆಯಲ್ಲಿ ನಿದ್ದೆಗೆಟ್ಟ ವಾತದವರಿಗೆ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಮದ್ದೂ ಅದೇ.

ಇನ್ನು ಎಚ್ಚರಿಕೆಯ ಮಾತು. ಪ್ರಕೃತಿ ಬೇರೆ, ರೋಗ ಬೇರೆ. ದೋಷಗಳನ್ನು ರಕ್ತಪರೀಕ್ಷೆಯಲ್ಲಿ ಅಳೆಯಲು ಬರುವುದಿಲ್ಲ, ರೋಗವನ್ನು ಪತ್ತೆ ಹಚ್ಚಲು ಪರೀಕ್ಷೆಯೇ ಬೇಕು. ಎದೆನೋವು ಎಡಗೈಗೋ ದವಡೆಗೋ ಹರಡಿ ಬೆವರು ಬಂದರೆ ಅದನ್ನು "ವಾಯು" ಎಂದು ಶುಂಠಿ ಕಷಾಯ ಕುಡಿದು ಮಲಗಬೇಡಿ. ಹೃದಯಾಘಾತವಿರಬಹುದು, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಪದೇಪದೇ ಬಾಯಾರಿಕೆ, ಮೂತ್ರ ಹೆಚ್ಚು, ಮೈ ಇಳಿಯುವುದು "ಉಷ್ಣ" ಇರಲಾರದು, ಸಕ್ಕರೆ ಕಾಯಿಲೆಯೋ ಎಂದು ನೋಡಿಸಿ. ನಾಟಿಯ ಸಮಯದಲ್ಲಿ ಗದ್ದೆಯ ನೀರಿನಲ್ಲಿ ನಿಂತು ಕೆಲಸ ಮಾಡಿದವರಿಗೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರದ ಸಂಶಯ ಇರಲಿ. ಕಣ್ಣು ಹಳದಿಯಾಗುವ ತನಕ ಕಾದು, ಆಮೇಲೆ "ಪಿತ್ತ" ಎಂದು ಹಸಿಮದ್ದು ಹುಡುಕುತ್ತಾ ಹೋದರೆ ಮೂತ್ರಪಿಂಡಕ್ಕೇ ಹಾನಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗದ್ದೆಯಲ್ಲಿ ದುಡಿದದ್ದನ್ನು ಮರೆಯದೆ ಹೇಳಿ. ಕಾಲಿನಲ್ಲಿ ಗಾಯವಿದ್ದರೆ ಅದು ಮಾಯುವ ತನಕ ಕೆಸರಿಗೆ ಇಳಿಯಬೇಡಿ.