ಸೆಕೆಯೂರಲ್ಲೂ ಕಾರ್ಬ್ಯುರೇಟರ್‌ಗೆ ಹಿಮ

ಮೆಲಾಕಾದ ಸೆಕೆಯಲ್ಲಿ ಹಿಮವೆಲ್ಲಿಂದ ಬರಬೇಕು ಎಂದು ಕೇಳಿದ್ದೀರಿ. ಬರುತ್ತದೆ. ಕಾರ್ಬ್ಯುರೇಟರಿನ ಕಿರಿದಾದ ಗಂಟಲಲ್ಲಿ ಪೆಟ್ರೋಲ್ ಆವಿಯಾಗುವಾಗ ಗಾಳಿ 20 ಡಿಗ್ರಿಗೂ ಹೆಚ್ಚು ತಣ್ಣಗಾಗಬಲ್ಲದು. ಬಟು ಬೆರೆಂಡಾಮ್ ವಿಮಾನ ನಿಲ್ದಾಣದ ತೇವದ ಮುಂಜಾವಿಗೆ ಅಷ್ಟು ಸಾಕು.

ಆದರೆ ಆ ಹಿಮ ಕರಗಿಸುವ ಬಿಸಿಗಾಳಿಗಾಗಿ ಕಾರು ಗ್ಯಾರೇಜಿನಲ್ಲಿ ಎಕ್ಸಾಸ್ಟ್ ಕೊಳವೆಗೆ ತಗಡು ವೆಲ್ಡ್ ಮಾಡಿಸುವ ಯೋಚನೆ ದಯವಿಟ್ಟು ಬಿಡಿ. ಕಾದು ಹಿಗ್ಗಿ, ಆರಿ ಕುಗ್ಗುವ ಕೊಳವೆ ವೆಲ್ಡ್ ಅಂಚಿನಲ್ಲೇ ಬಿರುಕು ಬಿಡಬಹುದು. ಬಿಸಿಗಾಳಿ ಹಿಡಿಯುವ ಹೊದಿಕೆ ಕ್ಲಾಂಪಿನಲ್ಲಿ ನಿಲ್ಲಬೇಕು. ಆ ಗಾಳಿಯನ್ನು ಕಾರ್ಬ್ಯುರೇಟರಿಗೆ ಒಯ್ಯಲು ಕಪ್ಪು ನಿಯೋಪ್ರೀನ್ ಹೋಸ್ ಬೇಡ, ಹೆಚ್ಚು ಶಾಖ ತಾಳುವ ಕೇಸರಿ ಬಣ್ಣದ ಸಿಲಿಕೋನ್ ಸ್ಕ್ಯಾಟ್ ಹೋಸ್ ಹಾಕಿ. ಪ್ರಮಾಣೀಕೃತ ವಿಮಾನವಾದರೆ ಅದೇ ಪಾರ್ಟ್ ನಂಬರಿನ ಭಾಗವನ್ನು ದಾಖಲೆಸಹಿತ ತರಿಸಿ, ಪರವಾನಗಿಯುಳ್ಳ ಎಂಜಿನಿಯರ್ ಕೈಯಲ್ಲೇ ಕೂರಿಸಿ.

ತಪಾಸಣೆಗೆ ಹೊದಿಕೆ ಬಿಚ್ಚಿದಾಗ ಕೊಳವೆಯ ಮೇಲೆ ಬೂದಿಬಣ್ಣದ ಗೆರೆ ಹುಡುಕಿ. ಕಂಡರೆ ಹೊಗೆ ಸೋರುತ್ತಿದೆ, ಅಂದು ಹಾರಲೇಬೇಡಿ.