ಜೆಟ್ ಎಂಜಿನ್‌ಗೆ ಸೈಲೆನ್ಸರ್ ಯಾಕೆ ಹಾಕಲ್ಲ?

ಸೂಪರ್‌ಸಾನಿಕ್ ವಿಮಾನದ ಸದ್ದು ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಆ ‘ಬೂಮ್’. ನಮಗೂ ಅಷ್ಟೇ. ಆದರೆ ಟೇಕಾಫ್ ಹೊತ್ತಿಗೆ ವಿಮಾನ ಶಬ್ದದ ವೇಗವನ್ನು ಮುಟ್ಟಿರೋದೇ ಇಲ್ಲ. ಹಾಗಾಗಿ ರನ್‌ವೇ ಪಕ್ಕ ಮನೆ ಇರುವವರ ಕಿವಿಗೆ ಬಡಿಯೋದು ಬೂಮ್ ಅಲ್ಲ, ಎಂಜಿನ್.

ಕಾಂಕಾರ್ಡ್ 1976ರಲ್ಲಿ ಪ್ರಯಾಣಿಕರನ್ನು ಹೊತ್ತು ಹಾರಲು ಶುರು ಮಾಡಿತು. ನ್ಯೂಯಾರ್ಕ್ ಮಾತ್ರ ಒಪ್ಪಲಿಲ್ಲ. ಕೆನಡಿ ವಿಮಾನನಿಲ್ದಾಣದ ಸುತ್ತಲಿನ ಜನ ಕಾರುಗಳನ್ನು ಸಾಲುಗಟ್ಟಿ ಓಡಿಸಿ ಪ್ರತಿಭಟಿಸಿದರು. ಜಗಳ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1977ರ ನವೆಂಬರ್‌ನಲ್ಲಿ ಅಲ್ಲಿಗೆ ಸೇವೆ ಆರಂಭವಾಯಿತು. ಅದಕ್ಕೂ ಪೈಲಟ್‌ಗಳು ಕಸರತ್ತು ಮಾಡಬೇಕಿತ್ತು: ಮೇಲೇರಿದ ಸ್ವಲ್ಪ ಹೊತ್ತಿಗೇ ಆಫ್ಟರ್‌ಬರ್ನರ್ ಆರಿಸಿ, ಥ್ರಾಟಲ್ ಇಳಿಸಿ, ಮನೆಗಳ ಮೇಲೆ ಹೋಗದ ಹಾಗೆ ತಿರುಗಿಸೋದು.

ಬೈಕಿಗೆ ಹಾಕಿದ ಹಾಗೆ ಇದಕ್ಕೂ ಒಂದು ಸೈಲೆನ್ಸರ್ ಹಾಕಬಾರದಾ? ನಾವು ಮೊದಲು ಕೇಳಿದ್ದೂ ಇದನ್ನೇ. ತೊಂದರೆ ಏನಂದ್ರೆ, ಈ ಸದ್ದಿನ ದೊಡ್ಡ ಪಾಲು ಎಂಜಿನ್ ಒಳಗೆ ಹುಟ್ಟೋದೇ ಇಲ್ಲ. ಹಿಂದಿನಿಂದ ನುಗ್ಗುವ ಬಿಸಿ ಗಾಳಿ ಹೊರಗಿನ ಗಾಳಿಗೆ ಉಜ್ಜಿ, ಸುಳಿ ಸುಳಿಯಾಗಿ ಬೆರೆಯುವಾಗ ಹುಟ್ಟುತ್ತೆ. ವಿಮಾನದ ಹಿಂದಿನ ಬಯಲಿಗೆ ಮುಚ್ಚಳ ಹಾಕೋಕಾಗುತ್ತಾ?

1952ರಲ್ಲಿ ಜೇಮ್ಸ್ ಲೈಟ್‌ಹಿಲ್ ಇದರ ಗಣಿತ ಬರೆದರು. ಸದ್ದಿನ ಶಕ್ತಿ ಸುಮಾರಾಗಿ ಜೆಟ್ ವೇಗದ ಎಂಟನೇ ಘಾತಕ್ಕೆ ಅನುಪಾತದಲ್ಲಿರುತ್ತೆ. ಎಂಟನೇ ಘಾತ! ವೇಗ ಅರ್ಧ ಮಾಡಿದರೆ ಸದ್ದಿನ ಶಕ್ತಿ 256ರಲ್ಲಿ ಒಂದು ಪಾಲು, ಅಂದ್ರೆ 24 ಡೆಸಿಬೆಲ್ ಕಡಿಮೆ. ನಾವು ಇಲ್ಲಿಗೇ ಖುಷಿಪಟ್ಟು ಲೆಕ್ಕ ನಿಲ್ಲಿಸಿದ್ವಿ, ಅದು ತಪ್ಪು. ವೇಗ ಅರ್ಧವಾದ ಮೇಲೂ ಅಷ್ಟೇ ಥ್ರಸ್ಟ್ ಬೇಕಂದ್ರೆ ಜೆಟ್‌ನ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕು ಪಟ್ಟಾಗಬೇಕು. ಅದರಿಂದ 6 ಡೆಸಿಬೆಲ್ ವಾಪಸ್ ಬರುತ್ತೆ. ಉಳಿತಾಯ 18. ಆದ್ರೂ ಭರ್ಜರಿ.

ಈಗಿನ ಸಾಮಾನ್ಯ ವಿಮಾನಗಳ ಗುಟ್ಟು ಇದೇ: ದೊಡ್ಡ ಫ್ಯಾನ್, ಹೆಚ್ಚು ಗಾಳಿ, ನಿಧಾನದ ಜೆಟ್. ಹಾಗಾದ್ರೆ ಕಾಂಕಾರ್ಡ್‌ಗೆ ಅದನ್ನೇ ಯಾಕೆ ಹಾಕಲಿಲ್ಲ? ದಪ್ಪ ಎಂಜಿನ್ ಶಬ್ದದ ವೇಗ ದಾಟಿದಾಗ ಆಘಾತ ತರಂಗಗಳ ಎಳೆತ ವಿಪರೀತ ಆಗುತ್ತೆ. ಜೊತೆಗೆ ಗಂಟೆಗೆ 2,100 ಕಿ.ಮೀ.ಗಿಂತ ಜೋರಾಗಿ ಹಾರಬೇಕಾದ್ರೆ ಜೆಟ್ ಅದಕ್ಕಿಂತಲೂ ವೇಗವಾಗಿ ಹೊರಬೀಳಲೇಬೇಕು. ಅಂದ್ರೆ ನೆಲದ ಹತ್ತಿರ ಒಂದು ಎಂಜಿನ್, ಮೇಲೆ ಇನ್ನೊಂದು ಎಂಜಿನ್ ಬೇಕು. ವಿಮಾನ ಒಂದೇ.

1990ರ ದಶಕದಲ್ಲಿ ನಾಸಾ ಹೀಗೊಂದು ಪ್ರಯತ್ನ ಮಾಡಿತು. ಟೇಕಾಫ್ ಆಗುವಾಗ ನಳಿಕೆಯ ಬಾಗಿಲು ತೆರೆದು ಹೊರಗಿನ ಗಾಳಿ ಎಳೆದುಕೊಳ್ಳೋದು, ಸದ್ದು ಹೀರುವ ಗೋಡೆಗಳ ನಡುವೆಯೇ ಬೆರೆಸಿ ನಿಧಾನ ಮಾಡಿ ಬಿಡೋದು. ಒಂಥರಾ ಸೈಲೆನ್ಸರೇ! ಆದರೆ ನಳಿಕೆ ಉದ್ದ, ಭಾರ. ಟೇಕಾಫ್‌ನ ಕೆಲವು ನಿಮಿಷದ ಉಪಕಾರಕ್ಕೆ ಸಾಗರ ದಾಟುವವರೆಗೂ ಹೊರಬೇಕು. 787ರ ಎಂಜಿನ್ ಅಂಚಲ್ಲಿ ಗರಗಸದ ಹಲ್ಲಿನಂತೆ ಕಾಣೋ ಶೆವ್ರಾನ್‌ಗಳೂ ಬೆರೆಸುವ ಕೆಲಸವನ್ನೇ ಮಾಡುತ್ತವೆ, ಆದರೆ ಅವುಗಳಿಂದ ಸಿಗೋ ಲಾಭ ಸಣ್ಣದು.

ಈಗ ಬೂಮ್ ಕಂಪನಿಯ (ಹೆಸರೇ ಬೂಮ್!) ಓವರ್ಚರ್ ವಿಮಾನದ ಯೋಜನೆಯಲ್ಲಿ ಆಫ್ಟರ್‌ಬರ್ನರ್ ಇಲ್ಲ, ಫ್ಯಾನ್ ಮಧ್ಯಮ ಗಾತ್ರದ್ದು, ವೇಗ ಮ್ಯಾಕ್ 2 ಅಲ್ಲ, 1.7. ವೇಗ ಇಳಿದಷ್ಟೂ ಫ್ಯಾನ್‌ಗೆ ಜಾಗ ಸಿಗುತ್ತೆ. ಆ 0.3 ಮ್ಯಾಕ್ ಬಿಟ್ಟುಕೊಟ್ಟಿದ್ದು ಸೋಲು ಅಂತ ನಮಗೆ ಅನ್ನಿಸಲಿಲ್ಲ. ಕೆನಡಿ ಪಕ್ಕದ ಮನೆಯವರಿಗಂತೂ ಖಂಡಿತ ಅನ್ನಿಸಲ್ಲ.